ಮೃಗಶಿರದಲ್ಲೊಂದು ಮೋಡ

ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಯ ಹೆಸರುಗಳನ್ನು ಬೆರಳು ಮಡಚಿ ಎಣಿಸುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಜೂನ್ 8ರ ಸುಮಾರಿಗೆ ಮೃಗಶಿರಾ ಮಳೆ ಹುಟ್ಟುತ್ತದೆ. ಸೂರ್ಯ ಆ ನಕ್ಷತ್ರದ ಪಾದಕ್ಕೆ ಬಂದ ಎಂದು ಲೆಕ್ಕ. ಸೂರ್ಯ ಅಲ್ಲಿದ್ದಾಗ ಆ ನಕ್ಷತ್ರವೂ ಅವನೊಡನೆ ಮೂಡಿ ಅವನೊಡನೆ ಮುಳುಗುತ್ತದೆ. ಹಾಗಾಗಿ ಮೃಗಶಿರಾ ಮಳೆ ಹೊಯ್ಯುವ ಹದಿನಾಲ್ಕು ದಿನ, ಆಕಾಶ ತಿಳಿಯಾಗಿದ್ದರೂ, ಮೃಗಶಿರಾ ನಕ್ಷತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ನೋಡಬೇಕಾದರೆ ಮಳೆ ನಕ್ಷತ್ರಗಳೆಲ್ಲ ಕಳೆದು, ರಾಗಿ ಕೊಯ್ದು ಮೆದೆ ಹಾಕಿ, ಮೈ ಕೊರೆಯುವ ಚಳಿ ಬರಬೇಕು. ಡಿಸೆಂಬರಿನ ನಡುರಾತ್ರಿ ಅದು ನೆತ್ತಿಯ ಹತ್ತಿರ ಬಂದು ನಿಂತಿರುತ್ತದೆ.

ಆ ಹೊತ್ತಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ತಲೆ ಎತ್ತಿದರೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಾಣುತ್ತವೆ. ಶಾಲೆಯ ಪುಸ್ತಕದಲ್ಲಿ ಇದು ಮಹಾವ್ಯಾಧನ ನಡುಪಟ್ಟಿ. ಹಳೆಯ ಕಥೆಯಲ್ಲಿ ಜಿಂಕೆಯ ಮೈಗೆ ನಾಟಿದ ಮೂರು ಗೆಣ್ಣಿನ ಬಾಣ. ಅದರ ಕೆಳಗೆ, ತುಸು ಮಂಕಾಗಿ, ಇನ್ನೊಂದು ಪುಟ್ಟ ಸಾಲು ಜೋತುಬಿದ್ದಿದೆ. ಆ ಸಾಲಿನ ನಡುವಿನದನ್ನು ನೋಡಿ. ಅಕ್ಕಪಕ್ಕದವು ಚೊಕ್ಕ ಚುಕ್ಕಿಗಳು, ಇದು ಮಾತ್ರ ಮಸುಕು. ಕನ್ನಡಕ ಒರೆಸಿಕೊಂಡು ನೋಡಿದರೂ ಮಸುಕೇ. ಯಾಕೆಂದರೆ ಅಲ್ಲಿರುವುದು ಅನಿಲದ ಒಂದು ದೊಡ್ಡ ಮೋಡ, ಮಹಾವ್ಯಾಧ ನೀಹಾರಿಕೆ. ಖಗೋಳ ವಿಜ್ಞಾನಿ ಮೆಸ್ಸಿಯೆಯ ಪಟ್ಟಿಯಲ್ಲಿ ಅದರ ಸಂಖ್ಯೆ 42. ಹವ್ಯಾಸಿಗಳ ಬಾಯಲ್ಲಿ ಬರೀ ಎಂ 42. ದೂರ ಸುಮಾರು 1,340 ಜ್ಯೋತಿರ್ವರ್ಷ. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಹೊರಟ ಬೆಳಕು ಈಗ ನಮ್ಮ ಜಗಲಿ ಮುಟ್ಟುತ್ತಿದೆ.

ಇಂಥ ಮೋಡಗಳನ್ನು ಸಾಧಾರಣ ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿ ಫೋಟೋ ಹಿಡಿಯುವುದು ನನ್ನ ಹವ್ಯಾಸ. ಸಾಧಾರಣ ಎಂದರೆ ನಿಜಕ್ಕೂ ಸಾಧಾರಣವೇ. ಮಸೂರದ ಅಗಲ 80 ಮಿಲಿಮೀಟರ್, ಕೊಳವೆಯ ಉದ್ದ ಒಂದೂವರೆ ಅಡಿ. ಕಾವಲೂರಿನ ವೈನು ಬಾಪು ವೀಕ್ಷಣಾಲಯದ ದೊಡ್ಡ ಕನ್ನಡಿಯ ಅಗಲ 2.3 ಮೀಟರ್. ಅದರ ಎದುರು ನನ್ನದು ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ಬೇರೆ ಕೆಲಸಗಳಿಗೆ ಬರುವುದಿಲ್ಲ ಎನ್ನುವುದು ಸರಿ. ನೀಹಾರಿಕೆಯ ಫೋಟೋ ವಿಚಾರದಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಇವತ್ತಿನ ಮಾತು ಅದರದೇ.

ಟೆಲಿಸ್ಕೋಪ್ ಕಂಡ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ?" ಚಂದ್ರನ ಕುಳಿಗೆ, ಶನಿಯ ಬಳೆಗೆ ಆ ಪ್ರಶ್ನೆ ಸಲ್ಲುತ್ತದೆ. ನೀಹಾರಿಕೆಗೆ ಸಲ್ಲದು. ಯಾಕೆಂದರೆ ಆಕಾಶದಲ್ಲಿ ಅವು ಚಿಕ್ಕವೇ ಅಲ್ಲ. ಎಂ 42ರ ಅಗಲ ಹುಣ್ಣಿಮೆ ಚಂದ್ರನ ಅಗಲದ ಎರಡರಷ್ಟು. ಹಂಸ ರಾಶಿಯಲ್ಲಿ ಉತ್ತರ ಅಮೆರಿಕ ನೀಹಾರಿಕೆ ಎಂಬುದೊಂದಿದೆ, ಆ ಖಂಡದ ನಕ್ಷೆಯ ಆಕಾರವೇ ಇರುವುದರಿಂದ ಆ ಹೆಸರು. ಅದು ನಾಲ್ಕು ಚಂದ್ರರಷ್ಟು ಅಗಲ. ಇನ್ನು ಮಹಾವ್ಯಾಧನ ಮೈಯನ್ನೇ ಅರ್ಧ ಸುತ್ತಿಕೊಂಡಿರುವ ಬರ್ನಾರ್ಡನ ಬಳೆಯಂತೂ ಹತ್ತು ಡಿಗ್ರಿಗೂ ಹೆಚ್ಚು ಹರಡಿದೆ. ಇಷ್ಟು ದೊಡ್ಡವು ನಮಗೆ ಕಾಣದಿರುವುದು ಅವು ವಿಪರೀತ ಮಂಕು ಎಂಬ ಒಂದೇ ಕಾರಣಕ್ಕೆ. ದೊಡ್ಡ ಟೆಲಿಸ್ಕೋಪಿಗೆ ಕಣ್ಣಿಟ್ಟರೆ ಸರಿಹೋಗುತ್ತದೆಯೇ ಎಂದರೆ, ಅದೂ ಇಲ್ಲ. ನಕ್ಷತ್ರದಂಥ ಚುಕ್ಕಿಯನ್ನು ಟೆಲಿಸ್ಕೋಪು ಬೆಳಗಿಸಿ ತೋರಿಸುತ್ತದೆ. ಮೋಡದಂತೆ ಹರಡಿಕೊಂಡದ್ದನ್ನು ಹಿಗ್ಗಿಸಿ ತೋರಿಸಬಲ್ಲದೇ ಹೊರತು ಅದರ ಮೈಹೊಳಪನ್ನು ಬರಿಗಣ್ಣಿಗೆ ಕಾಣುವುದಕ್ಕಿಂತ ಒಂದಿಷ್ಟೂ ಹೆಚ್ಚಿಸಲಾರದು. ಇದು ದೃಗ್ವಿಜ್ಞಾನದ ನಿಯಮ, ಎಷ್ಟು ದುಡ್ಡು ಸುರಿದರೂ ಬಗ್ಗುವುದಿಲ್ಲ.

ಬಗ್ಗುವುದು ಸಮಯಕ್ಕೆ. ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನ ಬೆಳಕಿನಲ್ಲಿ ಕಂಡಷ್ಟು ಕಂಡು ಮುಂದಿನದಕ್ಕೆ ಹೋಗುತ್ತದೆ. ಕತ್ತಲಲ್ಲಿ ನೀವು ಗಂಟೆಗಟ್ಟಲೆ ದಿಟ್ಟಿಸಿದರೂ ಮಂಕಾದದ್ದು ಮಂಕೇ. ಕ್ಯಾಮೆರಾದ ಸೆನ್ಸರ್ ಹಾಗಲ್ಲ. ಅದರ ಬಾಯಿ ತೆರೆದಿಟ್ಟಷ್ಟು ಹೊತ್ತೂ ಬಿದ್ದ ಬೆಳಕನ್ನೆಲ್ಲ ಲೆಕ್ಕ ಇಟ್ಟುಕೊಳ್ಳುತ್ತದೆ.

ಬಣ್ಣದ ವಿಷಯದಲ್ಲೂ ಕಣ್ಣು ನಮಗೆ ಕೈಕೊಡುತ್ತದೆ. ಟೆಲಿಸ್ಕೋಪಿನಲ್ಲಿ ಎಂ 42 ನೋಡಿದ ಬಹುಮಂದಿಗೆ ಅದು ಬೂದು, ಕೆಲವರಿಗೆ ತುಸು ಹಸಿರು. ಫೋಟೋದಲ್ಲಿ ಕೆಂಪು, ಗುಲಾಬಿ. ಮೋಸವೇನೂ ನಡೆದಿಲ್ಲ. ಮೋಡದ ನಡುವೆ ಹೊಸದಾಗಿ ಹುಟ್ಟಿದ ನಾಲ್ಕು ಉರಿಯುವ ನಕ್ಷತ್ರಗಳು ಒತ್ತಾಗಿ ನಿಂತಿವೆ. ಅವುಗಳ ಅತಿನೇರಳೆ ಕಿರಣ ಸುತ್ತಲಿನ ಜಲಜನಕದ ಪರಮಾಣುಗಳನ್ನು ಒಡೆಯುತ್ತದೆ. ಒಡೆದವು ಮತ್ತೆ ಕೂಡಿಕೊಳ್ಳುವಾಗ ಕಡುಗೆಂಪು ಬೆಳಕು ಹೊರಬರುತ್ತದೆ, ತರಂಗದುದ್ದ 656 ನ್ಯಾನೊಮೀಟರ್. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳು ಈ ಕೆಂಪಿಗೆ ಬಹುಮಟ್ಟಿಗೆ ಕುರುಡು. ಅವಕ್ಕೆ ಚೆನ್ನಾಗಿ ಕಾಣುವುದು ಹಸಿರು-ನೀಲಿಯ ಕಡೆಯದು. ಅಲ್ಲಿ ಆಮ್ಲಜನಕ ಸೂಸುವ 501 ನ್ಯಾನೊಮೀಟರ್ ಬೆಳಕೊಂದಿದೆ. ಆ ಹಸಿರು ಗೆರೆಗೂ ಒಂದು ಕಥೆ ಇದೆ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ರೋಹಿತದಲ್ಲಿ ಅದನ್ನು ಕಂಡ. ನೀಹಾರಿಕೆ ನಕ್ಷತ್ರಗಳ ಗುಂಪಲ್ಲ, ಅನಿಲ ಎಂದು ಅವತ್ತು ಖಚಿತವಾಯಿತು. ಆದರೆ ಗೆರೆ ಯಾವ ಮೂಲವಸ್ತುವಿನದು ಎಂದು ಗೊತ್ತಾಗದೆ "ನೆಬ್ಯುಲಿಯಂ" ಎಂಬ ಹೊಸ ಧಾತುವನ್ನೇ ಊಹಿಸಿಕೊಂಡರು. ನಾವು ಉಸಿರಾಡುವ ಆಮ್ಲಜನಕವೇ, ಎರಡು ಎಲೆಕ್ಟ್ರಾನ್ ಕಳೆದುಕೊಂಡು, ನೆಲದ ಮೇಲೆ ಎಲ್ಲೂ ಸಿಗದ ತೆಳುವಿನಲ್ಲಿ ಆ ಬೆಳಕು ಬೀರುತ್ತದೆ ಎಂದು ಐರಾ ಬೋವೆನ್ ತೋರಿಸಿದ್ದು 1927ರಲ್ಲಿ.

ಈ ಮೋಡಗಳ ಮೊದಲ ಫೋಟೋ ತೆಗೆದವರು ಸಂಬಳದ ಖಗೋಳ ವಿಜ್ಞಾನಿಗಳಲ್ಲ ಎಂಬುದು ನಮ್ಮಂಥವರಿಗೆ ಹೆಮ್ಮೆಯ ಸಂಗತಿ. ಹೆನ್ರಿ ಡ್ರೇಪರ್ ನ್ಯೂಯಾರ್ಕಿನ ವೈದ್ಯ. 1880ರ ಸೆಪ್ಟೆಂಬರ್ 30ರ ರಾತ್ರಿ 11 ಇಂಚಿನ ಟೆಲಿಸ್ಕೋಪಿಗೆ ಒಣಫಲಕ ಹಾಕಿ 51 ನಿಮಿಷ ಎಂ 42ರ ಕಡೆ ತೆರೆದಿಟ್ಟ. ಮಂಕು ಮಂಕಾಗಿ ಮೋಡ ಮೂಡಿತು. 1882ರ ಮಾರ್ಚಿನಲ್ಲಿ 137 ನಿಮಿಷ ಇಟ್ಟಾಗ ಅಂಚಿನ ತೆಳು ಎಳೆಗಳೂ ಬಂದವು. ಆ ನವೆಂಬರಿನಲ್ಲಿ ಅವನು ತೀರಿಕೊಂಡ, ವಯಸ್ಸು 45. ಮಾರನೆಯ ವರ್ಷ ಇಂಗ್ಲೆಂಡಿನ ಆಂಡ್ರೂ ಕಾಮನ್ 36 ಇಂಚಿನ ಕನ್ನಡಿಯಿಂದ ತೆಗೆದ ಚಿತ್ರದಲ್ಲಿ ಅದುವರೆಗೆ ಯಾವ ಟೆಲಿಸ್ಕೋಪಿನಲ್ಲೂ ಕಣ್ಣಿಗೆ ಬೀಳದ ನಕ್ಷತ್ರಗಳು ಸಿಕ್ಕವು. ಅವನಿಗೆ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಬಂತು. ಅವನ ಕಸುಬು ನೈರ್ಮಲ್ಯದ ಎಂಜಿನಿಯರಿಂಗ್. ಹಗಲು ಊರಿನ ಚರಂಡಿ, ರಾತ್ರಿ ಹಿತ್ತಲಿನಲ್ಲಿ ಆಕಾಶ. ಡ್ರೇಪರನ ಹೆಂಡತಿ ಮೇರಿ ಆನಾ ಗಂಡನ ನೆನಪಿಗೆ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹಣ ಕೊಟ್ಟಳು. ಆ ಹಣದಿಂದ ನಡೆದ ಕೆಲಸದಲ್ಲಿ ಸಾವಿರಾರು ಫಲಕಗಳನ್ನು ಪರೀಕ್ಷಿಸಿದ ವಿಲಿಯಮಿನಾ ಫ್ಲೆಮಿಂಗ್ ಮೊದಲು ಅಲ್ಲಿನ ನಿರ್ದೇಶಕರ ಮನೆಗೆಲಸಕ್ಕೆ ಸೇರಿದ್ದವಳು. ಮಹಾವ್ಯಾಧನ ನಡುಪಟ್ಟಿಯ ಕೆಳಗೆ ಕುದುರೆ ತಲೆಯ ಆಕಾರದ ಕಪ್ಪು ಮೋಡವನ್ನು 1888ರಲ್ಲಿ ಗುರುತಿಸಿದವಳು ಅವಳೇ. ಇಂದು ಪ್ರತಿ ಹವ್ಯಾಸಿಯೂ ಒಮ್ಮೆಯಾದರೂ ಹಿಡಿಯಲು ಹವಣಿಸುವ ಚಿತ್ರ ಅದು.

ಡ್ರೇಪರನ 11 ಇಂಚಿನಲ್ಲಿ ಬಂದದ್ದಕ್ಕಿಂತ ಎಷ್ಟೋ ಚೆನ್ನಾಗಿ ಇವತ್ತು ಮೂರಿಂಚಿನಲ್ಲಿ ಬರುತ್ತದೆ. ಅಂದಿನ ಫಲಕ ಮೇಲೆ ಬಿದ್ದ ನೂರು ಬೆಳಕಿನ ಕಣಗಳಲ್ಲಿ ಒಂದೆರಡನ್ನು ಹಿಡಿಯುತ್ತಿದ್ದರೆ ಹೆಚ್ಚು. ಇಂದಿನ ಸೆನ್ಸರ್ ಅರ್ಧಕ್ಕಿಂತ ಹೆಚ್ಚು ಹಿಡಿಯುತ್ತದೆ. ಆದರೆ ಡ್ರೇಪರನಿಗಿದ್ದ ತೊಂದರೆಯೊಂದು ನಮಗೂ ತಪ್ಪಿಲ್ಲ. ಭೂಮಿ ತಿರುಗುತ್ತದೆ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ನನ್ನ ಟೆಲಿಸ್ಕೋಪನ್ನು ಅಲ್ಲಾಡದಂತೆ ನಿಲ್ಲಿಸಿ ಕ್ಯಾಮೆರಾ ತೆರೆದರೆ ಎರಡು ಸೆಕೆಂಡಿನೊಳಗೆ ನಕ್ಷತ್ರ ಚುಕ್ಕಿಯಾಗಿ ಉಳಿಯದೆ ಗೀಟಾಗಿಬಿಡುತ್ತದೆ. ಆದ್ದರಿಂದ ಆಕಾಶದ ಜೊತೆಗೇ ಟೆಲಿಸ್ಕೋಪೂ ತಿರುಗಬೇಕು. ತಿರುಗಿಸುವ ಯಂತ್ರಕ್ಕೆ ಮೌಂಟ್ ಎನ್ನುತ್ತೇವೆ. ಹೊಸಬರು ದುಡ್ಡೆಲ್ಲ ಗಾಜಿಗೆ ಹಾಕಿ ಮೌಂಟಿಗೆ ಜಿಪುಣತನ ಮಾಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ಒಳ್ಳೆಯ ಮೌಂಟ್ ಕೊಳ್ಳಿ, ಉಳಿದ ದುಡ್ಡಿಗೆ ಎಂಥ ಟೆಲಿಸ್ಕೋಪ್ ಬರುತ್ತದೋ ಅದು ಸಾಕು.

ಮೌಂಟಿನ ಅಕ್ಷ ಧ್ರುವ ಬಿಂದುವಿಗೆ ನೇರವಾಗಿರಬೇಕು. ಪುಸ್ತಕಗಳಲ್ಲಿ ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ: ಧ್ರುವ ನಕ್ಷತ್ರ ಹುಡುಕಿ, ಅದಕ್ಕೆ ಗುರಿ ಹಿಡಿಯಿರಿ. ಆ ಪುಸ್ತಕ ಬರೆದವರು ಯುರೋಪಿನಲ್ಲೋ ಅಮೆರಿಕದಲ್ಲೋ ಕೂತವರು. ಅವರಿಗೆ ಧ್ರುವ ಆಕಾಶದ ಅರ್ಧ ಎತ್ತರದಲ್ಲಿ ಕಾಣುತ್ತದೆ. ನಮ್ಮಲ್ಲಿ ಧ್ರುವದ ಎತ್ತರ ಬೆಂಗಳೂರಿನಲ್ಲಿ 13 ಡಿಗ್ರಿ, ಬೀದರಿನಲ್ಲಿ 18. ತೋಳು ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ ಆಗುತ್ತದೆ, ಅಂದರೆ ಬೆಂಗಳೂರಿನಲ್ಲಿ ದಿಗಂತದಿಂದ ಬರೀ ಒಂದೂಕಾಲು ಮುಷ್ಟಿ. ಅಷ್ಟು ತಗ್ಗಿನಲ್ಲಿ ಎದುರು ಮನೆಯ ನೀರಿನ ಟ್ಯಾಂಕೋ, ತೆಂಗಿನ ಮರವೋ, ಏನೂ ಇಲ್ಲದಿದ್ದರೆ ಧೂಳಿನ ಮಬ್ಬೋ ಅಡ್ಡ ಇದ್ದೇ ಇರುತ್ತದೆ. ಇನ್ನೊಂದು ಪೇಚು ಇದೆ. ಅಕ್ಷವನ್ನು ಇಷ್ಟು ಮಲಗಿಸಿದಾಗ ಟೆಲಿಸ್ಕೋಪಿನ ಭಾರಕ್ಕೆ ಸಮನಾಗಿ ಇನ್ನೊಂದು ಕಡೆ ತೂಗುವ ತೂಕದ ಸರಳು ಕೆಳಗೆ ಬಂದು ಸ್ಟ್ಯಾಂಡಿನ ಉತ್ತರದ ಕಾಲಿಗೆ ತಾಗುತ್ತದೆ. ತಾಗಿದ್ದು ಗೊತ್ತಾಗದೆ ಮೋಟಾರು ತಳ್ಳುತ್ತಲೇ ಇರುತ್ತದೆ. ಮೂರು ಕಾಲಿನ ಸ್ಟ್ಯಾಂಡನ್ನು ಉತ್ತರ ದಿಕ್ಕು ಎರಡು ಕಾಲುಗಳ ನಡುವೆ ಬರುವಂತೆ ತಿರುಗಿಸಿ ನಿಲ್ಲಿಸಿದರೆ ಈ ತಾಪತ್ರಯ ತಪ್ಪುತ್ತದೆ. ಇಂಥವು ನಮ್ಮ ಅಕ್ಷಾಂಶದವರು ಒಬ್ಬರಿಗೊಬ್ಬರು ಹೇಳಿಕೊಟ್ಟು ಉಳಿದು ಬಂದ ಉಪಾಯಗಳು. ಈಗ ಧ್ರುವ ನಕ್ಷತ್ರ ಕಾಣದಿದ್ದರೂ ನಡೆಯುತ್ತದೆ. ಆಕಾಶದ ಬೇರೆ ಕಡೆಯ ಎರಡು ಮೂರು ಫೋಟೋ ತೆಗೆದುಕೊಟ್ಟರೆ ಕಂಪ್ಯೂಟರು ಅವುಗಳಲ್ಲಿನ ನಕ್ಷತ್ರಗಳನ್ನು ಗುರುತಿಸಿ, ಅಕ್ಷ ಎಷ್ಟು ಮೇಲೆ, ಎಷ್ಟು ಪಕ್ಕಕ್ಕೆ ಸರಿಯಬೇಕು ಎಂದು ಹೇಳಿಬಿಡುತ್ತದೆ.

ಕತ್ತಲೆ ಬೇಕಲ್ಲ, ಅದಕ್ಕೆ ಬೆಂಗಳೂರು ಬಿಟ್ಟು ಹೋಗಬೇಕು. ನಾನು ಹೋಗುವುದು ಹಿರಿಯೂರಿನ ಕಡೆ, ಪರಿಚಯದವರ ಹೊಲಕ್ಕೆ. ಬಯಲುಸೀಮೆ, ಗಾಳಿ ಒಣಗಿದ್ದು, ದಿಗಂತದವರೆಗೆ ಬಯಲು. ಹೋಗುವುದು ಅಮಾವಾಸ್ಯೆಯ ಆಸುಪಾಸಿನಲ್ಲಿ. ಚಂದ್ರ ಇದ್ದರೆ ಈ ಮೋಡಗಳೆಲ್ಲ ತೊಳೆದುಹೋಗುತ್ತವೆ. ಅಮಾವಾಸ್ಯೆ ರಾತ್ರಿ, ಒಂಟಿ ಹೊಲ, ಕೆಂಪು ದೀಪ, ಮೂರು ಕಾಲಿನ ಯಂತ್ರ: ನೋಡಿದವರಿಗೆ ಏನನ್ನಿಸಬೇಡ! ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವುದು ಎಷ್ಟೋ ಸಲ ರಾತ್ರಿಯೇ. ಮೋಟಾರು ಹಾಕಲು ಬಂದ ಪಕ್ಕದ ಹೊಲದ ಹಿರಿಯರೊಬ್ಬರು ದೂರದಿಂದಲೇ ಟಾರ್ಚು ಬಿಟ್ಟರು.

"ಏನ್ ಸಾ, ಅಮಾಸೆ ದಿನ ಮಿಷನ್ ಇಟ್ಕೊಂಡು ಕೂತಿದೀರ. ನಿಧಿ ಗಿಧಿನಾ?"

"ಅಯ್ಯೋ ಇಲ್ಲ ಗೌಡ್ರೇ, ನಕ್ಷತ್ರದ ಫೋಟೋ ತೆಗೀತಿದೀನಿ. ಟಾರ್ಚು ಸ್ವಲ್ಪ ಕೆಳಗೆ ಮಾಡಿ."

"ಫೋಟೋ ತೆಗೆಯಾಕೆ ರಾತ್ರಿ ಎಲ್ಲ ಬೇಕಾ? ನಮ್ಮ ಹುಡುಗ ಮೊಬೈಲಲ್ಲಿ ಟಕ್ ಅಂತ ತೆಗೀತಾನೆ."

ಲ್ಯಾಪ್‌ಟಾಪಿನ ಪರದೆಯ ಮೇಲೆ ಎಂ 42ರ ಎರಡು ನಿಮಿಷದ ಫೋಟೋ ಒಂದು ಆಗಷ್ಟೇ ಬಂದಿತ್ತು. ತೋರಿಸಿದೆ. ಬಗ್ಗಿ ನೋಡಿದರು. "ಹೊಗೆ ಇದ್ದಂಗೈತಲ್ಲ. ಯಾವ ನಕ್ಷತ್ರ ಇದು?" ಮೃಗಶಿರಾ ಎಂದೆ. "ಮತ್ತೆ! ಮೃಗಶಿರ ಅಂದ್ಮೇಲೆ ಮೋಡ ಇರದೆ ಇರ್ತೈತಾ" ಎಂದವರೇ ಮೋಟಾರು ಮನೆಯ ಕಡೆ ನಡೆದರು. ನಾನು ಜಲಜನಕ, ಅತಿನೇರಳೆ ಎಂದು ಶುರುಮಾಡಲು ಬಾಯಿ ತೆರೆದವನು ಸುಮ್ಮನಾದೆ.

ಗೌಡರ ಪ್ರಶ್ನೆಗೆ ಉತ್ತರ ಹೇಳಲೇಬೇಕು. ರಾತ್ರಿ ಎಲ್ಲ ಯಾಕೆ? ಎರಡು ನಿಮಿಷದ ಒಂದು ಫೋಟೋದಲ್ಲಿ ಮೋಡ ಕಾಣುತ್ತದೆ ನಿಜ, ಜೊತೆಗೆ ಮರಳು ಚೆಲ್ಲಿದ ಹಾಗೆ ಕಾಳು ಕಾಳು ಗದ್ದಲವೂ ಇರುತ್ತದೆ. ಬಾನುಲಿ ಕೇಳುವ ನಿಮಗೆ ಇದನ್ನು ವಿವರಿಸುವುದು ಸುಲಭ. ದೂರದ ನಿಲಯ ಹಿಡಿದಾಗ ಗರಗರ ಸದ್ದಿನೊಳಗೆ ಮಾತು ಮುಳುಗಿರುತ್ತದಲ್ಲ, ಅದೇ ಮಾತನ್ನು ನೂರು ಸಲ ಧ್ವನಿಮುದ್ರಿಸಿ ಒಂದರ ಮೇಲೊಂದು ಕೂರಿಸಿದರೆ ಏನಾಗುತ್ತದೆ? ಮಾತು ಪ್ರತಿ ಸಲವೂ ಅದೇ, ಅದೇ ಜಾಗದಲ್ಲಿ ಬೀಳುತ್ತದೆ, ಗಟ್ಟಿಯಾಗುತ್ತದೆ. ಗರಗರ ಒಂದೊಂದು ಸಲ ಒಂದೊಂದು ಥರ, ಒಂದನ್ನೊಂದು ಅಳಿಸಿಹಾಕಿಕೊಳ್ಳುತ್ತದೆ. ಫೋಟೋಗಳನ್ನೂ ಹಾಗೆಯೇ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಪೇರಿಸುತ್ತೇವೆ. ಪೇರಿಸುವ ತಂತ್ರಾಂಶಗಳು, ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಮುಂತಾದವು, ಪುಕ್ಕಟೆಯಾಗಿ ಸಿಗುತ್ತವೆ. ಆದರೆ ಇದರಲ್ಲಿ ಒಂದು ಕಟು ಲೆಕ್ಕವಿದೆ. ಚಿತ್ರ ಎರಡರಷ್ಟು ನಯವಾಗಬೇಕಾದರೆ ನಾಲ್ಕರಷ್ಟು ಫೋಟೋ ಬೇಕು, ಹತ್ತರಷ್ಟು ನಯವಾಗಬೇಕಾದರೆ ನೂರರಷ್ಟು. ಮೊದಲ ಗಂಟೆ ಕೈತುಂಬ ಕೊಡುತ್ತದೆ, ಹತ್ತನೆಯ ಗಂಟೆ ಚಿಟಿಕೆಯಷ್ಟು. ಆ ಚಿಟಿಕೆಯಲ್ಲೇ ಮೋಡದ ಅಂಚಿನ ತೆಳು ಎಳೆಗಳು ಇರುವುದರಿಂದ ನಾವು ಚಳಿಯಲ್ಲಿ ಕೂತಿರುತ್ತೇವೆ.

ಎಂ 42ಕ್ಕೆ ಅದರದೇ ಒಂದು ತಂಟೆಯೂ ಉಂಟು. ನಡುವಿನ ನಾಲ್ಕು ನಕ್ಷತ್ರಗಳ ಸುತ್ತ ಮೋಡ ಬಹಳ ಬೆಳಗುತ್ತದೆ, ಹೊರ ಅಂಚು ಬಹಳ ಮಂಕು. ಅಂಚಿಗೆ ಬೇಕಾದಷ್ಟು ಹೊತ್ತು ತೆರೆದಿಟ್ಟರೆ ನಡುವೆಲ್ಲ ಬಿಳಿ ಕಲೆಯಾಗಿ ಸುಟ್ಟುಹೋಗುತ್ತದೆ. ಅದಕ್ಕೆಂದೇ ಹತ್ತು ಸೆಕೆಂಡಿನವು ಒಂದಿಷ್ಟು, ಎರಡು ಮೂರು ನಿಮಿಷದವು ಬಹಳಷ್ಟು ತೆಗೆದು, ಆಮೇಲೆ ಎರಡನ್ನೂ ಬೆಸೆಯಬೇಕು. ಬೆಳಕಿನ ಫೋಟೋಗಳಲ್ಲದೆ ಕತ್ತಲೆಯ ಫೋಟೋಗಳೂ ಬೇಕು. ಮುಚ್ಚಳ ಹಾಕಿ, ಅಷ್ಟೇ ಹೊತ್ತು, ಅಷ್ಟೇ ಚಳಿಯಲ್ಲಿ ತೆಗೆದ ಇವುಗಳಲ್ಲಿ ಸೆನ್ಸರಿನ ಸ್ವಂತ ದೋಷಗಳು ಮಾತ್ರ ಮೂಡುತ್ತವೆ, ಅವನ್ನು ಕಳೆಯಬಹುದು. ಬೆಳಗಾಗುವಾಗ ಕೊಳವೆಯ ಬಾಯಿಗೆ ಬಿಳಿ ಪಂಚೆಯ ತುದಿಯನ್ನು ಸುಕ್ಕಿಲ್ಲದಂತೆ ಬಿಗಿದು ಆಕಾಶದ ಕಡೆ ತಿರುಗಿಸಿ ಇನ್ನೊಂದಷ್ಟು ತೆಗೆಯುತ್ತೇವೆ. ಗಾಜಿನ ಮೇಲಿನ ಧೂಳಿನ ನೆರಳು, ಮೂಲೆಗಳ ಮಬ್ಬು ಅವುಗಳಿಂದ ಸರಿಹೋಗುತ್ತದೆ. ಪೇಟೆಯಲ್ಲಿ ಇದಕ್ಕೆ ಬೆಳಗುವ ಹಲಗೆಗಳನ್ನು ಮಾರುತ್ತಾರೆ. ಪಂಚೆಯೇ ಚೆನ್ನ. ಇಬ್ಬನಿ ಇನ್ನೊಂದು ಕಾಟ; ಮೂರು ಗಂಟೆಯ ಹೊತ್ತಿಗೆ ಗಾಜು ಮಂಜಾಗುತ್ತದೆ, ಒರೆಸಿದರೆ ಕೆಡುತ್ತದೆ. ಕೊಳವೆಯ ಬಾಯಿಗೆ ಸುತ್ತಿ ಸಣ್ಣಗೆ ಬೆಚ್ಚಗಿಡುವ ಪಟ್ಟಿ ಇಲ್ಲದೆ ಡಿಸೆಂಬರಿನಲ್ಲಿ ಹೊಲಕ್ಕೆ ಹೋಗಬೇಡಿ.

ಪೇರಿಸಿದ ಚಿತ್ರವನ್ನು ಮೊದಲು ತೆರೆದಾಗ ಹೊಸಬರ ಎದೆ ಒಡೆಯುತ್ತದೆ. ಪರದೆ ತುಂಬ ಕಪ್ಪು, ಅಲ್ಲೊಂದು ಇಲ್ಲೊಂದು ಚುಕ್ಕಿ. ಮೋಡವೆಲ್ಲ ಆ ಕಪ್ಪಿನ ತಳದಲ್ಲಿ ಒತ್ತೊತ್ತಾಗಿ ಕೂತಿರುತ್ತದೆ. ಅದನ್ನು ನಿಧಾನವಾಗಿ ಮೇಲಕ್ಕೆ ಎಳೆಯಬೇಕು. ಇಲ್ಲಿಂದ ಮುಂದೆ ಪ್ರಾಮಾಣಿಕತೆಯ ಪ್ರಶ್ನೆ ಏಳುತ್ತದೆ. ಎಳೆದದ್ದು, ಬಣ್ಣ ಹೊಂದಿಸಿದ್ದು ಸುಳ್ಳೇ? ನನ್ನ ಮಟ್ಟಿಗೆ ಅಲ್ಲ. ಅಲ್ಲಿ ಇದ್ದದ್ದನ್ನೇ ಕಾಣುವ ಹಾಗೆ ಮಾಡಿದ್ದೇವೆ. ಹಬಲ್ ದೂರದರ್ಶಕ 1995ರಲ್ಲಿ ತೆಗೆದ, ಹದ್ದು ನೀಹಾರಿಕೆಯ ಮೂರು ಕಂಬಗಳ ಆ ಹೆಸರುವಾಸಿ ಚಿತ್ರದಲ್ಲಿ ಗಂಧಕದ ಬೆಳಕಿಗೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದರು. ನಿಜದಲ್ಲಿ ಗಂಧಕದ್ದೂ ಜಲಜನಕದ್ದೂ ಎರಡೂ ಕೆಂಪೇ. ಬೇರೆ ಬೇರೆ ತೋರಿಸಲು ಬೇರೆ ಬಣ್ಣ. ಹೀಗೆ ಮಾಡಿದ್ದೇವೆಂದು ಹೇಳಿ ಮಾಡಿದರೆ ತಕರಾರಿಲ್ಲ. ಈಚೆಗೆ ಬಂದಿರುವ, ಗದ್ದಲ ಅಳಿಸುತ್ತೇನೆಂದು ಇಲ್ಲದ ಎಳೆಗಳನ್ನು ತಾನೇ ಊಹಿಸಿ ತುಂಬುವ ತಂತ್ರಾಂಶಗಳ ಮೇಲೆ ಮಾತ್ರ ನನಗೆ ಗುಮಾನಿ. ಮೋಡದಲ್ಲಿ ಇರುವುದು ಬೇಕು, ಇರಬಹುದಾದದ್ದು ಬೇಡ.

ಊರು ಬಿಟ್ಟು ಹೋಗಲಾಗದವರು ಏನು ಮಾಡಬೇಕು? ಮೊದಲು ಬೀದಿಯಲ್ಲಿ ಹಳದಿ ಸೋಡಿಯಂ ದೀಪ ಇದ್ದಾಗ ಅದರ ಬೆಳಕು ಬಹುಪಾಲು ಒಂದು ಬಣ್ಣದ ಸುತ್ತ ಇರುತ್ತಿತ್ತು, ಶೋಧಕ ಹಾಕಿ ಸಾಕಷ್ಟು ತಡೆಯಬಹುದಿತ್ತು. ಎಲ್‌ಇಡಿ ಬಿಳಿ ದೀಪ ಎಲ್ಲ ಬಣ್ಣಗಳಿಗೂ ಹರಡಿಕೊಂಡಿದೆ. ಅದಕ್ಕೆ ಈಗ ತಿರುವು ಮುರುವು ಉಪಾಯ ಬಂದಿದೆ. ಜಲಜನಕದ ಕೆಂಪು, ಆಮ್ಲಜನಕದ ಹಸಿರು-ನೀಲಿ, ಈ ಎರಡು ಕಿರಿದಾದ ಪಟ್ಟಿಗಳನ್ನು ಮಾತ್ರ ಒಳಗೆ ಬಿಟ್ಟು ಉಳಿದದ್ದನ್ನು ಹೊರಗಿಡುವ ಶೋಧಕಗಳು. ಇವನ್ನು ಹಾಕಿಕೊಂಡು ಬೆಂಗಳೂರಿನ ತಾರಸಿಯಿಂದಲೇ ರೋಸೆಟ್ ನೀಹಾರಿಕೆ ಹಿಡಿಯಬಹುದು. ಕೃತ್ತಿಕೆಯ ಸುತ್ತಲಿನ ನೀಲಿ ಮೋಡಕ್ಕೆ ಮಾತ್ರ ಇದು ನಡೆಯುವುದಿಲ್ಲ. ಅದು ಸ್ವಂತ ಬೆಳಕಿಲ್ಲದ ಧೂಳು, ನಕ್ಷತ್ರದ ಬೆಳಕನ್ನೇ ಚದುರಿಸುವುದು. ಎಲ್ಲ ಬಣ್ಣವೂ ಅದರಲ್ಲಿದೆ, ಶೋಧಕ ಅದನ್ನೂ ತಳ್ಳಿಬಿಡುತ್ತದೆ.

ನಮ್ಮ ಅಕ್ಷಾಂಶದಿಂದ ತೊಂದರೆ ಇದೆ ಎಂದೆನಲ್ಲ, ಲಾಭವೂ ಇದೆ. ಮಾರ್ಚ್, ಏಪ್ರಿಲ್ ರಾತ್ರಿಗಳಲ್ಲಿ ತ್ರಿಶಂಕು ನಕ್ಷತ್ರಪುಂಜಕ್ಕೆ ತುಸು ಮುಂದಾಗಿ ದಕ್ಷಿಣದ ದಿಗಂತದ ಮೇಲೆ ಕರೀನಾ ನೀಹಾರಿಕೆ ಏಳುತ್ತದೆ. ಎಂ 42ಕ್ಕಿಂತ ಆಕಾಶದಲ್ಲಿ ದೊಡ್ಡದು. ಅದರೊಳಗಿನ ಈಟಾ ಕರೀನಾ ನಕ್ಷತ್ರ 1843ರಲ್ಲಿ ಉಕ್ಕಿ, ಕೆಲ ಕಾಲ ಇಡೀ ರಾತ್ರಿಯ ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಅದೇ ಎನ್ನುವಷ್ಟು ಬೆಳಗಿತ್ತು. ಲಂಡನ್ನಿನವರಿಗೆ, ನ್ಯೂಯಾರ್ಕಿನವರಿಗೆ ಅದು ಎಂದೂ ಮೂಡುವುದೇ ಇಲ್ಲ. ಡ್ರೇಪರನಿಗಾಗಲಿ ಕಾಮನ್‌ಗಾಗಲಿ ಮನೆಯಿಂದ ಅದನ್ನು ಹಿಡಿಯುವ ಭಾಗ್ಯವಿರಲಿಲ್ಲ. ಬೆಂಗಳೂರಿನಿಂದ ಅದು 17 ಡಿಗ್ರಿ ಎತ್ತರಕ್ಕೆ ಬರುತ್ತದೆ. ಮೈಸೂರು, ಚಾಮರಾಜನಗರದ ಕಡೆಯವರಿಗೆ ಇನ್ನೂ ಚೂರು ಮೇಲೆ. ಧನು ರಾಶಿಯ ನೀಹಾರಿಕೆಗಳು, ಎಂ 8, ಎಂ 20, ಎಂ 17, ನಮಗೆ ಆಕಾಶದ ಅರ್ಧಕ್ಕಿಂತ ಮೇಲೇ ಬರುತ್ತವೆ. ಆದರೆ ಅವು ಮುಸ್ಸಂಜೆಯ ಆಕಾಶಕ್ಕೆ ಬರುವ ಹೊತ್ತಿಗೆ ಸರಿಯಾಗಿ ಮುಂಗಾರು ಬಂದು ಬಾಗಿಲು ಹಾಕುತ್ತದೆ. ಹಾಗಾಗಿ ಅವಕ್ಕೆ ಮಾರ್ಚ್-ಏಪ್ರಿಲಿನ ಬೆಳಗಿನ ಜಾವ ಏಳದೆ ಗತಿಯಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದು ಒಂದು ಚೆಂದದ ಚಿತ್ರ ಮಾತ್ರವೇ ಎಂದು ಕೇಳುವವರಿಗೆ ಎರಡು ಸಂಗತಿ ಹೇಳುತ್ತೇನೆ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಜೇ ಮೆಕ್‌ನೀಲ್ ಎಂಬ ಹವ್ಯಾಸಿ ಮನೆಯ ಹತ್ತಿರದಿಂದ ಮೂರಿಂಚಿನ ಟೆಲಿಸ್ಕೋಪಿನಲ್ಲಿ ಮಹಾವ್ಯಾಧನ ಎಂ 78 ನೀಹಾರಿಕೆಯ ಫೋಟೋ ತೆಗೆದರು. ಅದರ ಪಕ್ಕ, ಯಾವ ನಕ್ಷೆಯಲ್ಲೂ ಇಲ್ಲದ ಪುಟ್ಟ ನೀಹಾರಿಕೆಯೊಂದಿತ್ತು. ಎಳೆಯ ನಕ್ಷತ್ರವೊಂದು ದಿಢೀರನೆ ಉರಿದೆದ್ದು ತನ್ನ ಸುತ್ತಲಿನ ಧೂಳನ್ನು ಬೆಳಗಿಸಿತ್ತು. ಸುದ್ದಿ ಹೊರಬಿದ್ದ ಮೇಲೆ ದೊಡ್ಡ ದೊಡ್ಡ ದೂರದರ್ಶಕಗಳು ಅದರ ಕಡೆ ತಿರುಗಿದವು. ಅದಕ್ಕೀಗ ಮೆಕ್‌ನೀಲ್ ನೀಹಾರಿಕೆ ಎಂದೇ ಹೆಸರು. ಎರಡನೆಯದು ಇನ್ನೂ ಈಚಿನದು. ಆಂಡ್ರೊಮಿಡಾ ಗೆಲಾಕ್ಸಿಯಷ್ಟು ಫೋಟೋ ತೆಗೆಸಿಕೊಂಡ ಗೆಲಾಕ್ಸಿ ಇನ್ನೊಂದಿಲ್ಲ. ಅದರ ಪಕ್ಕದಲ್ಲೇ ಮೂರು ಚಂದ್ರರಷ್ಟು ಉದ್ದದ ಆಮ್ಲಜನಕದ ಕಮಾನೊಂದು ಇದೆ ಎಂದು 2022ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಫ್ರಾನ್ಸ್ ಮತ್ತು ಜರ್ಮನಿಯ ಮೂವರು ಹವ್ಯಾಸಿಗಳು, ಯಾನ್ ಸೇಂಟಿ, ಮಾರ್ಸೆಲ್ ಡ್ರೆಕ್ಸ್‌ಲರ್, ಜೇವಿಯರ್ ಸ್ಟ್ರಾಟ್ನರ್, ಅದನ್ನು ಕಂಡರು. ಬಳಸಿದ್ದು 106 ಮಿಲಿಮೀಟರ್ ಟೆಲಿಸ್ಕೋಪು, ನಾಲ್ಕಿಂಚು ಎನ್ನಿ. ಕೂಡಿಸಿದ್ದು ನೂರು ಗಂಟೆಗೂ ಮೀರಿದ ಬೆಳಕು. ದೊಡ್ಡ ಟೆಲಿಸ್ಕೋಪುಗಳಿಗೆ ಅದು ಯಾಕೆ ಸಿಗಲಿಲ್ಲ? ಅವುಗಳ ನೋಟ ಬಹಳ ಕಿರಿದು, ಒಂದು ಸಲಕ್ಕೆ ಆಕಾಶದ ಒಂದು ಚೂರು ಮಾತ್ರ ಕಾಣುತ್ತದೆ. ಮೇಲಾಗಿ ಆ ಯಂತ್ರಗಳ ಒಂದೊಂದು ಗಂಟೆಗೂ ವಿಜ್ಞಾನಿಗಳು ಅರ್ಜಿ ಹಾಕಿ ಸರದಿ ಕಾಯುತ್ತಾರೆ. ಒಂದೇ ಬಣ್ಣದ ಬೆಳಕಿಗಾಗಿ, ಏನೂ ಇಲ್ಲವೆಂದು ಎಲ್ಲರೂ ನಂಬಿದ ಜಾಗದ ಕಡೆ ನೂರು ಗಂಟೆ ಕೊಡಿ ಎಂದರೆ ಯಾವ ಸಮಿತಿ ಒಪ್ಪೀತು? ಹವ್ಯಾಸಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಈಗ ಐದು ಸೆಂಟಿಮೀಟರ್ ಗಾಜಿನ, ಟೆಲಿಸ್ಕೋಪು, ಕ್ಯಾಮೆರಾ, ಮೋಟಾರು ಎಲ್ಲ ಒಂದೇ ಡಬ್ಬಿಯಲ್ಲಿರುವ ಯಂತ್ರಗಳು ಬಂದಿವೆ. ಫೋನಿನಲ್ಲಿ ಹೆಸರು ಒತ್ತಿದರೆ ತಾನೇ ಹುಡುಕಿ, ತಾನೇ ಪೇರಿಸಿ ತೋರಿಸುತ್ತವೆ. ಹಳಬರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಶಾಲೆಯ ಅಂಗಳದಲ್ಲಿ ಇಟ್ಟು ಐವತ್ತು ಮಕ್ಕಳಿಗೆ ಒಟ್ಟಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಸದ್ಯಕ್ಕಿಲ್ಲ.

ಟೆಲಿಸ್ಕೋಪೇ ಇಲ್ಲ, ಮದುವೆ ಫೋಟೋ ತೆಗೆಯುವ ಕ್ಯಾಮೆರಾ ಒಂದಿದೆ ಎನ್ನುವವರೂ ಈ ಚಳಿಗಾಲದಲ್ಲಿ ಒಂದು ಕೈ ನೋಡಬಹುದು. ಅಮಾವಾಸ್ಯೆ ರಾತ್ರಿ, ಊರ ದೀಪದಿಂದ ದೂರ, ಗಟ್ಟಿ ಸ್ಟ್ಯಾಂಡು, 50 ಮಿಲಿಮೀಟರ್ ಲೆನ್ಸು. ಲುಬ್ಧಕ ನಕ್ಷತ್ರವನ್ನು ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ, ಲೆನ್ಸಿನ ಬಳೆಯನ್ನು ಕೈಯಿಂದಲೇ ತಿರುಗಿಸಿ ಚುಕ್ಕಿ ಆದಷ್ಟು ಚಿಕ್ಕದಾಗುವಂತೆ ಫೋಕಸ್ ಮಾಡಿ, ಆ ಬಳೆ ಅಲ್ಲಾಡದಂತೆ ಟೇಪು ಸುತ್ತಿಬಿಡಿ. ಐಎಸ್‌ಒ 1600, ಒಂದೊಂದು ಫೋಟೋಗೆ ಐದು ಸೆಕೆಂಡು, ಅಂಥವು ಇನ್ನೂರು. ಆಕಾಶ ಸರಿಯುತ್ತಿರುವುದರಿಂದ ನಡುನಡುವೆ ಕ್ಯಾಮೆರಾ ತಿರುಗಿಸಿ ಆ ಮೂರು ನಕ್ಷತ್ರಗಳನ್ನು ಮತ್ತೆ ಚೌಕಟ್ಟಿನ ನಡುವೆ ತಂದುಕೊಳ್ಳಿ. ಕೊನೆಗೆ ಮುಚ್ಚಳ ಹಾಕಿ ಇಪ್ಪತ್ತು. ಗುಂಡಿಯನ್ನು ಬೆರಳಿನಿಂದ ಒತ್ತಬೇಡಿ, ಅಲುಗುತ್ತದೆ, ಟೈಮರ್ ಇಡಿ. ಮರುದಿನ ಪೇರಿಸಿ ಎಳೆದಾಗ ಬಾಣದ ಕೆಳಗೆ ಗುಲಾಬಿ ಬಣ್ಣದ ಕಲೆಯೊಂದು ಬರುತ್ತದೆ, ಅದೇ ಎಂ 42. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡು ಹೋಗಿ. ಹೊಲ ಯಾರದೋ ಅವರಿಗೆ ಮೊದಲೇ ಒಂದು ಮಾತು ಹೇಳಿರಿ.